ಹಳೆಯ ಪುಟಾಣಿ ಎಂಜಿನ್‌ಗೆ ಡಿಜಿಟಲ್ ಚಿಪ್ ಬೇಕೆ?

ಬ್ರಿಟನ್ನಿನ ಹಾರ್ನ್‌ಬಿ ಡಬ್ಲೊ, ಟ್ರೈ-ಆಂಗ್ ಕಾಲದ ಮಾದರಿ ರೈಲು ಎಂಜಿನ್‌ಗಳಿಗೆ ಡಿಸಿಸಿ (ಹಳಿಯ ಮೂಲಕವೇ ಡಿಜಿಟಲ್ ಆದೇಶ ಕಳಿಸುವ ಪದ್ಧತಿ) ಡಿಕೋಡರ್ ಚಿಪ್ಪು ಕೂರಿಸುವ ಬಗ್ಗೆ ಇಬ್ಬರು ಹವ್ಯಾಸಿಗಳ ವಾದ.

ಪರ: ಎಂಜಿನ್ ಇರುವುದು ಓಡಿಸುವುದಕ್ಕೆ

ಹಳೆಯ ಪದ್ಧತಿಯಲ್ಲಿ ಕರೆಂಟು ಕೊಟ್ಟರೆ ಆ ಹಳಿಯ ಮೇಲಿನ ಎಂಜಿನ್‌ಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಡಿಸಿಸಿಯಲ್ಲಿ ಪ್ರತಿ ಎಂಜಿನ್ನಿಗೂ ಅದರದೇ ಸಂಖ್ಯೆ. ಕರೆದದ್ದು ಮಾತ್ರ ಓಡುತ್ತದೆ. ಇದು ಮೊದಲ ಲಾಭ. ಎರಡನೆಯದು, ಎಂಜಿನ್ ನಿಂತಾಗಲೂ ದೀಪ ಉರಿಯುತ್ತದೆ. ಮೂರನೆಯದು, ಒಳ್ಳೆಯ ಚಿಪ್ಪು ಮೋಟಾರಿನ ವೇಗ ಗಮನಿಸಿ ಏರಿನಲ್ಲೂ ಇಳಿಜಾರಿನಲ್ಲೂ ಓಟವನ್ನು ಸಮವಾಗಿಡುತ್ತದೆ. ನಾಲ್ಕನೆಯದು, ಜರ್ಮನಿಯ ಲೆನ್ಜ್ ಕಂಪನಿ ರೂಪಿಸಿದ ವ್ಯವಸ್ಥೆಯ ಆಧಾರದ ಮೇಲೆ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘವಾದ ಎನ್‌ಎಂಆರ್‌ಎ 1990ರ ದಶಕದಲ್ಲೇ ಮಾನಕ ಮಾಡಿತು. ಹೀಗಾಗಿ ಒಂದು ಕಂಪನಿಯ ಚಿಪ್ಪು ಇನ್ನೊಂದರ ಕಂಟ್ರೋಲರ್ ಮಾತು ಕೇಳುತ್ತದೆ.

ಕೆಲಸ ಕಷ್ಟ ಎನ್ನುವವರಿಗೆ ಒಂದು ಮಾತು. ಟ್ರೈ-ಆಂಗ್‌ನ ಎಕ್ಸ್‌04 ಮೋಟಾರಿನಲ್ಲಿ ಬ್ರಷ್ ಒತ್ತುವ ಸ್ಪ್ರಿಂಗ್‌ನ ಒಂದು ತೋಳಿಗೆ ಕಾರ್ಖಾನೆಯೇ ನಿರೋಧಕ ಕೊಳವೆ ತೊಡಿಸಿದೆ. ಇನ್ನೊಂದು ತೋಳಿಗೂ ಅಂಥದೇ ತೊಡಿಸಿ, ತಂತಿ ಬೆಸೆದರೆ ಆಯಿತು. ಆದರೆ ಅಯಸ್ಕಾಂತ ಸೊರಗಿದ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ. ಚಕ್ರ ಹಿಡಿದು ನಿಲ್ಲಿಸಿದಾಗ ಅದು 1 ಆಂಪಿಯರ್ ಮೀರಿದರೆ ಸಾಮಾನ್ಯ ಚಿಪ್ಪು ಸುಟ್ಟುಹೋಗಬಹುದು. ಅಂಥ ಎಂಜಿನ್‌ಗೆ ನಾನೂ ಕೈ ಹಾಕುವುದಿಲ್ಲ.

ವಿರೋಧ: ಕೆಡದಿರುವುದನ್ನು ಯಾಕೆ ಕೆಡಿಸಬೇಕು?

1979ರಲ್ಲಿ ಹಾರ್ನ್‌ಬಿ 'ಜೀರೊ 1' ಎಂಬ ಡಿಜಿಟಲ್ ವ್ಯವಸ್ಥೆ ತಂದಿತು. ಒಂದೇ ಹಳಿ, 16 ಎಂಜಿನ್, ಗುಂಡಿ ಒತ್ತಿದರೆ ಸಾಕು! ಇವತ್ತು ಡಿಸಿಸಿಯ ಬಗ್ಗೆ ಕೇಳುತ್ತಿರುವ ಹೊಗಳಿಕೆಯೇ ಅಂದು ಅದಕ್ಕೂ ಸಿಕ್ಕಿತ್ತು. ನಂಬಿದವರು ಎಂಜಿನ್ ಬಿಚ್ಚಿ, ಮೂಲ ತಂತಿ ಕತ್ತರಿಸಿ, ಮಾಡ್ಯೂಲ್ ಬೆಸೆದರು. ಕೆಲವೇ ವರ್ಷಗಳಲ್ಲಿ ಆ ವ್ಯವಸ್ಥೆ ನಿಂತುಹೋಯಿತು. ಡಿಸಿಸಿಯ ಭಾಷೆ ಆ ಮಾಡ್ಯೂಲ್‌ಗೆ ತಿಳಿಯದು. ಅದೇ 1938ರಲ್ಲಿ ಲಿವರ್‌ಪೂಲ್‌ನ ಬಿನ್ಸ್ ರೋಡ್ ಕಾರ್ಖಾನೆಯಿಂದ ಹೊರಬಂದ ಡಬ್ಲೊ ಎಂಜಿನ್ನನ್ನು ತೆಗೆದುಕೊಳ್ಳಿ. ಎಣ್ಣೆ ಹನಿಸಿ, ಬ್ರಷ್ ಒರೆಸಿ, 12 ವೋಲ್ಟ್ ಕೊಡಿ, ಓಡುತ್ತದೆ. ಯಾರ ಸಾಫ್ಟ್‌ವೇರೂ ಬೇಡ, ಯಾವ ಕಂಪನಿ ಮುಚ್ಚಿದರೂ ಚಿಂತೆಯಿಲ್ಲ. ಅಷ್ಟು ದೀರ್ಘಾಯುಸ್ಸಿನ ಯಂತ್ರದ ಹೊಟ್ಟೆಯೊಳಗೆ ಅಲ್ಪಾಯುಷಿ ಚಿಪ್ಪನ್ನು ತುರುಕುವುದು ನನ್ನ ಕಣ್ಣಿಗೆ ಅನ್ಯಾಯವೇ.

ಡಿಸಿಸಿಯ ಮಾನಕ ಶಾಶ್ವತ ಎನ್ನುತ್ತಾರೆ. ಇರಲಿ, ಬೆಸುಗೆ ಕಾಯಿಸಿದ್ದು, ಲೋಹ ಕೊರೆದದ್ದು ಅದಕ್ಕಿಂತ ಶಾಶ್ವತ. ಈ ಎಂಜಿನ್‌ಗಳ ವಿನ್ಯಾಸವೇ ಬೇರೆ: ಒಂದು ಬ್ರಷ್ಷಿನ ಕರೆಂಟು ಚಾಸಿಯ ಮೂಲಕವೇ ಹರಿಯುತ್ತದೆ. ಚಿಪ್ಪಿಗಾಗಿ ಆ ನಂಟನ್ನೇ ಕಡಿಯಬೇಕು. ಕೆಲಸದ ನಡುವೆ ತಿಳಿಯದೆ ಅಯಸ್ಕಾಂತವನ್ನು ಹೊರಗೆ ಎಳೆದರಂತೂ ಮುಗಿಯಿತು. ಅದರ ಎರಡು ತುದಿಗಳನ್ನು ಕಬ್ಬಿಣದ ತುಂಡಿನಿಂದ ಜೋಡಿಸದೆ ಹಾಗೇ ಇಟ್ಟರೆ ಶಕ್ತಿ ಇಳಿದುಹೋಗುತ್ತದೆ. ಆಮೇಲೆ ಎಂಜಿನ್ ಗಾಡಿ ಎಳೆಯುವುದಿಲ್ಲ, ಬಿಸಿಯಾಗುತ್ತದೆ. ಬೈಗುಳ ಮಾತ್ರ ಹಳೆಯ ಮೋಟಾರಿಗೆ!

ಹತ್ತು ಎಂಜಿನ್‌ಗಳ ದೊಡ್ಡ ಯಾರ್ಡ್ ನಡೆಸುವವರಿಗೆ ಡಿಜಿಟಲ್ ಇಲ್ಲದೆ ಆಗದು, ಒಪ್ಪುತ್ತೇನೆ. ಅಂಥವರು ಚಿಪ್ಪಿಗೆಂದೇ ಸಾಕೆಟ್ ಇಟ್ಟಿರುವ ಹೊಸ ಎಂಜಿನ್ ಕೊಳ್ಳಲಿ. ಮೋಟಾರು ಮೊದಲೇ ಸುಟ್ಟಿದ್ದರೆ ಹೊಸ ಮೋಟಾರು, ಚಿಪ್ಪು ಎರಡನ್ನೂ ಹಾಕಲಿ, ನನ್ನ ತಕರಾರಿಲ್ಲ. ನೆಟ್ಟಗೆ ಓಡುತ್ತಿರುವುದನ್ನು ಮಾತ್ರ ಮುಟ್ಟಬೇಡಿ. ಮುಟ್ಟಿಯೇ ತೀರುತ್ತೇನೆ ಎನ್ನುವವರು ಬಿಚ್ಚಿದ ಮೂಲ ಭಾಗಗಳನ್ನಾದರೂ ಎಸೆಯದೆ, ಎಂಜಿನ್‌ನ ಡಬ್ಬಿಯಲ್ಲೇ ಇಟ್ಟುಕೊಳ್ಳಿ.