ಒಟಿಪಿ ಯಾರ ಕೈಯಲ್ಲಿ?

ವಯಸ್ಸಾದವರು ಡಿಜಿಟಲ್ ಬದುಕಿಗೆ ಒಗ್ಗಿಕೊಂಡಿದ್ದಾರೆಯೇ ಎಂದು ಅಳೆಯಲು ನಾವು ಫೋನುಗಳನ್ನೂ ವಹಿವಾಟುಗಳನ್ನೂ ಎಣಿಸುತ್ತೇವೆ. ಈ ಲೆಕ್ಕ ಅರ್ಧ ಸತ್ಯ. ಅಪ್ಪನ ಬ್ಯಾಂಕ್ ಖಾತೆಗೆ ಮಗನ ನಂಬರ್ ಜೋಡಿಸಿದ್ದರೆ ಒಟಿಪಿ ಬರುವುದು ಮಗನಿಗೆ. ಡಿಜಿಟಲ್ ಗ್ರಾಹಕ ಎನಿಸಿಕೊಳ್ಳುವುದು ಮಾತ್ರ ಅಪ್ಪ. ಪಾಸ್‌ಬುಕ್ ಹಿಡಿದು ತಾವೇ ಬ್ಯಾಂಕಿಗೆ ಹೋಗಿಬರುತ್ತಿದ್ದವರು ಈಗ ತಮ್ಮದೇ ಖಾತೆಯಲ್ಲಿ ಎಷ್ಟಿದೆ ಎಂದು ತಿಳಿಯಲು ಮಕ್ಕಳ ಬಿಡುವಿಗಾಗಿ ಕಾಯುತ್ತಾರೆ. ಹೀಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ತನ್ನ ಕೆಲಸ ತಾನೇ ಮಾಡಿಕೊಳ್ಳುವ ಶಕ್ತಿ ತಂತ್ರಜ್ಞಾನದಿಂದ ಹೆಚ್ಚಿತೇ, ಕುಗ್ಗಿತೇ?

ಪಿಂಚಣಿದಾರರ ಜೀವಿತ ಪ್ರಮಾಣಪತ್ರವನ್ನೇ ನೋಡಿ. ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ರುಜುವಾತು ಮಾಡುವ ಈ ಕೆಲಸಕ್ಕೆ ಕೇಂದ್ರ ಸರ್ಕಾರ 2014ರಲ್ಲಿ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆ ತಂದಿತು. ಬ್ಯಾಂಕಿನ ಸರದಿ ತಪ್ಪಿತು, ನಿಜ. ಆದರೆ ಅದು ಹೆಚ್ಚಾಗಿ ನೆಚ್ಚಿದ್ದು ಬೆರಳಚ್ಚನ್ನು. ದುಡಿದ ಕೈಯಲ್ಲಿ ಮುಪ್ಪಿನ ಹೊತ್ತಿಗೆ ಬೆರಳಿನ ಗೆರೆಗಳೇ ಸವೆದಿರುತ್ತವೆ. 2021ರಲ್ಲಿ ಮುಖ ಗುರುತಿಸುವ ವಿಧಾನ ಬಂತು. ಅದಕ್ಕೆ ಎರಡು ಆ್ಯಪ್ ಇಳಿಸಿಕೊಂಡು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕು. ಅದೂ ಆಗದವರಿಗೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ಸೌಲಭ್ಯವಿದೆ, ಕಾಗದದ ಅರ್ಜಿಯೂ ಉಳಿದಿದೆ. ಈ ವ್ಯವಸ್ಥೆಗೆ ಬೆಲೆ ಬಂದದ್ದು ಆ್ಯಪ್‌ನ ಜಾಣ್ಮೆಯಿಂದಷ್ಟೇ ಅಲ್ಲ, ಒಂದು ದಾರಿ ಕೈಕೊಟ್ಟರೆ ಇನ್ನೊಂದು ತೆರೆದಿರುವುದರಿಂದ.

ಇದು ಒಂದು ತಲೆಮಾರಿನ ತೊಡಕು, ಫೋನ್ ಹಿಡಿದೇ ಬೆಳೆದವರಿಗೆ ಬ್ಯಾಂಕಿನ ಕೌಂಟರ್ ಏಕೆ ಎನ್ನುವವರಿದ್ದಾರೆ. ಆದರೆ ಕಣ್ಣಿನ ಪೊರೆಯಾಗಲಿ ನಡುಗುವ ಬೆರಳಾಗಲಿ ತಲೆಮಾರು ನೋಡಿ ಬರುವುದಿಲ್ಲ. ಆ್ಯಪ್‌ಗಳೂ ಇಂದು ಇದ್ದಂತೆ ನಾಳೆ ಇರುವುದಿಲ್ಲ. ಇಂದಿನ ಚುರುಕುಗಾರರೇ ಮುಂದೆ ತಡವರಿಸುತ್ತಾರೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸೈಬರ್ ವಂಚನೆಯದು: ಹಿರಿಯರ ಹಣ ಮಕ್ಕಳ ಕೈಯಲ್ಲಿದ್ದರೇ ಕ್ಷೇಮವಲ್ಲವೇ? ವಂಚನೆಯ ಭಯ ಸುಳ್ಳಲ್ಲ. ಆದರೆ ಕಾಪಾಡಲು ಹಕ್ಕನ್ನೇ ಕಿತ್ತುಕೊಳ್ಳಬೇಕಿಲ್ಲ. 2024ರಲ್ಲಿ ಬಂದ ಯುಪಿಐ ಸರ್ಕಲ್‌ನಲ್ಲಿ ಖಾತೆದಾರರು ಪಿನ್ ಹೇಳದೆಯೇ ಮನೆಯವರಿಗೆ ಪಾವತಿಯ ಅನುಮತಿ ಕೊಡಬಹುದು. ಬೇಕಿದ್ದರೆ ಪ್ರತಿ ಪಾವತಿಗೂ ತಾವೇ ಒಪ್ಪಿಗೆ ಕೊಡುವಂತೆ ಇಟ್ಟುಕೊಳ್ಳಬಹುದು. ನೆರವು ಮಕ್ಕಳದು, ಯಜಮಾನಿಕೆ ಹಿರಿಯರದು.

ಖರ್ಚಿನ ಮಾತೂ ಉಂಟು. ಕೌಂಟರ್ ಮುಚ್ಚಿದರೆ ಬ್ಯಾಂಕಿಗೆ ಉಳಿತಾಯ, ಆದರೆ ಆ ಖರ್ಚು ಮಾಯವಾಗದೆ ಹಿರಿಯರ, ಅವರ ಮನೆಯವರ ತಲೆಗೆ ಬೀಳುತ್ತದೆ. ಈ ಹೊರೆ ಯಾರದು ಎಂಬುದಕ್ಕೆ ಒಂದು ತೀರ್ಪು ದಾರಿ ತೋರುತ್ತದೆ: ಕಣ್ಣು ಮಿಟುಕಿಸಲಾಗದ ಆ್ಯಸಿಡ್ ದಾಳಿ ಸಂತ್ರಸ್ತರು ಮತ್ತು ದೃಷ್ಟಿದೋಷವುಳ್ಳವರ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಡಿಜಿಟಲ್ ಸೇವೆ ಪಡೆಯುವುದು ಬದುಕುವ ಹಕ್ಕಿನ ಭಾಗ ಎಂದಿತು. ಹಕ್ಕು ಎಂದ ಮೇಲೆ ಹೊಂದಿಕೊಳ್ಳಬೇಕಾದದ್ದು ವ್ಯವಸ್ಥೆ. ಹಿರಿಯರಿಗೆ ಫೋನ್ ಕಲಿಸುವ ಶಿಬಿರಗಳು ಬೇಕು. ಆದರೆ ಕಲಿಯಲಾಗದವರಿಗೂ ಅದೇ ಸೇವೆ ಅಷ್ಟೇ ಗೌರವದಿಂದ ಸಿಗುವಂತೆ ಮಾಡುವುದು ಅದಕ್ಕಿಂತ ಮೊದಲ ಕೆಲಸ.