ಗ್ರಾಫೀನ್ ಎಷ್ಟು ತಾಪ ತಾಳುತ್ತದೆ? ಎಲ್ಲಿ ಎಂದೂ ಕೇಳೋಣ

ಹತ್ತನೇ ತರಗತಿಯ ಕಾರ್ಬನ್ ಪಾಠದಲ್ಲಿ ವಜ್ರ, ಗ್ರಾಫೈಟ್, ಫುಲ್ಲರೀನ್ ಮುಗಿಸಿದ ಮೇಲೆ ಮಕ್ಕಳ ಆಸಕ್ತಿ ಕೆರಳಿಸಲು ನಾವು ಪ್ರಶಿಕ್ಷಣಾರ್ಥಿಗಳು ಗ್ರಾಫೀನನ್ನೂ ಪರಿಚಯಿಸುತ್ತೇವೆ. ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆ, ಉಕ್ಕನ್ನು ಮೀರಿಸುವ ಬಲ, ಅತಿ ಹೆಚ್ಚು ತಾಪ ತಾಳುವ ಗುಣ ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ. ಈ ಕೊನೆಯ ಮಾತು ಅರ್ಧ ಸತ್ಯ. ಉಳಿದರ್ಧ ಹೇಳದೆ ಪಾಠ ಮುಗಿಸಬಾರದು ಎಂಬುದು ನನ್ನ ಅಭಿಪ್ರಾಯ.

ಗಾಳಿಯಿಲ್ಲದ ಕಡೆ ಗ್ರಾಫೀನ್ ನಿಜಕ್ಕೂ ಗಟ್ಟಿಗ. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ನಿರ್ವಾತದಲ್ಲಿ ತೂಗಿದ ಗ್ರಾಫೀನ್ ಪಟ್ಟಿಯಲ್ಲಿ ವಿದ್ಯುತ್ ಹರಿಸಿದಾಗ ಅದರ ಎಲೆಕ್ಟ್ರಾನುಗಳು ಸುಮಾರು 2,800 ಕೆಲ್ವಿನ್ ತಾಪಕ್ಕೇರಿದವು. ಪಟ್ಟಿ ಬರಿಗಣ್ಣಿಗೆ ಕಾಣುವಂತೆ ಬೆಳಗಿತು. ಕಂಪ್ಯೂಟರ್ ಲೆಕ್ಕಾಚಾರಗಳ ಪ್ರಕಾರ ಅದು ಕರಗಲು 4,500 ಕೆಲ್ವಿನ್ ಅಥವಾ ಅದಕ್ಕೂ ಹೆಚ್ಚು ಬೇಕು.

ಆಕ್ಸಿಜನ್ ಬಂದೊಡನೆ ಕಥೆಯೇ ಬೇರೆ. ಸಿಲಿಕಾದ ಮೇಲಿಟ್ಟ ಒಂಟಿ ಪದರದ ಗ್ರಾಫೀನನ್ನು ಆಕ್ಸಿಜನ್‌ನಲ್ಲಿ ಕಾಯಿಸಿದರೆ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗೇ ತೂತುಗಳು ಬೀಳುತ್ತವೆ. ಹಲವು ಪದರಗಳಿದ್ದರೆ ಅದಕ್ಕಿಂತ ಹೆಚ್ಚು ತಾಪ ಬೇಕು. ಇಲ್ಲಿ ಹಾಳೆ ಕರಗುವುದಿಲ್ಲ. ಕಾರ್ಬನ್ ಮಾನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ.

ಕಾರಣವನ್ನು ಮಕ್ಕಳು ಆಗಲೇ ಕಲಿತ ಬಂಧದ ಪಾಠದಿಂದಲೇ ಹೇಳಬಹುದು. ಹಾಳೆಯ ಒಳಗಿನ ಪ್ರತಿ ಪರಮಾಣುವೂ ಮೂರು ನೆರೆಯ ಪರಮಾಣುಗಳ ಜೊತೆ ಬಲವಾಗಿ ಬಂಧಿತ. ಅಂಚಿನಲ್ಲಿ, ದೋಷವಿರುವ ಕಡೆಯಲ್ಲಿ ಆ ಬಂಧ ಅಪೂರ್ಣ. ಆಕ್ಸಿಜನ್ ಮೊದಲು ಅಲ್ಲೇ ಕೈಹಾಕುತ್ತದೆ. ಗ್ರಾಫೈಟ್‌ನಲ್ಲಿ ಒಳಪದರಗಳಿಗೆ ಮೇಲ್ಪದರಗಳ ರಕ್ಷಣೆಯಿದೆ. ಗ್ರಾಫೀನ್‌ನಲ್ಲಿ ಒಳಗೆ ಎಂಬುದೇ ಇಲ್ಲ.

“ಇದು ಪಠ್ಯದ ಆಚೆಗಿನ ವಿಷಯ, 40 ನಿಮಿಷದಲ್ಲಿ ಎಲ್ಲಿ ಸಮಯ?” ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ನಾನು ಕೇಳುತ್ತಿರುವುದು ಹೊಸ ಘಟಕವನ್ನಲ್ಲ, ಒಂದು ಪ್ರಶ್ನೆಯನ್ನು. ಕಟ್ಟಿಗೆಯನ್ನು ಮಣ್ಣು ಮುಚ್ಚಿ ಸುಟ್ಟರೆ ಇದ್ದಿಲು ಉಳಿಯುತ್ತದೆ. ಅದೇ ಇದ್ದಿಲನ್ನು ಒಲೆಗೆ ಹಾಕಿದರೆ ಬೂದಿ ಮಾತ್ರ ಉಳಿಯುತ್ತದೆ. ಎರಡೂ ಕಡೆ ಬಿಸಿ ಇದೆ, ಬದಲಾದದ್ದು ಗಾಳಿ. ಇನ್ನು ತೆಳುವಿನ ಪರಿಣಾಮ ತೋರಿಸಲು ಕಬ್ಬಿಣದ ಮೊಳೆ ಮತ್ತು ನವಿರಾದ ಸ್ಟೀಲ್ ವೂಲ್ ಸಾಕು. ಶಿಕ್ಷಕರೇ ಇಕ್ಕಳದಲ್ಲಿ ಹಿಡಿದು ಜ್ವಾಲೆಗೊಡ್ಡಿದರೆ ಮೊಳೆ ಕೆಂಪಾಗುತ್ತದಷ್ಟೆ, ಸ್ಟೀಲ್ ವೂಲ್ ಕಿಡಿ ಹಾರಿಸುತ್ತಾ ಉರಿಯುತ್ತದೆ. ಕಬ್ಬಿಣದ ಆಕ್ಸೈಡ್ ಘನವಾಗಿ ಉಳಿಯುತ್ತದೆ, ಕಾರ್ಬನ್ನಿನದು ಅನಿಲವಾಗಿ ಹೋಗುತ್ತದೆ ಎಂಬ ವ್ಯತ್ಯಾಸವನ್ನೂ ಅಲ್ಲೇ ಹೇಳಿಬಿಡಬೇಕು.

ನಮ್ಮ ಪಾಠ ಯೋಜನೆಗಳಲ್ಲಿ ಗುಣಗಳ ಪಟ್ಟಿಯ ಪಕ್ಕ “ಯಾವ ಪರಿಸರದಲ್ಲಿ?” ಎಂಬ ಒಂದು ಕಾಲಂ ಇರಲಿ. ಪಾಠ ವೀಕ್ಷಿಸುವ ಉಪನ್ಯಾಸಕರು ಆ ಕಾಲಮನ್ನೂ ನೋಡಲಿ. ಸಂಖ್ಯೆಯನ್ನು ಮಗು ಮರೆತರೂ ನಷ್ಟವಿಲ್ಲ; ಯಾವುದೇ ಸಂಖ್ಯೆ ಕಂಡಾಗ “ಎಲ್ಲಿ, ಯಾವಾಗ?” ಎಂದು ಕೇಳುವ ಅಭ್ಯಾಸ ಉಳಿದರೆ ವಿಜ್ಞಾನ ಕಲಿಸಿದಂತಾಯಿತು.