ನಮ್ಮ ಕೊರಳಲ್ಲಿ ಜಾರ್ಜನ ಕುದುರೆ

ದಕ್ಷಿಣ ಕನ್ನಡದ ಯಾವ ಬ್ಯಾಂಕಿನಲ್ಲಾದರೂ ಒಡವೆ ಸಾಲದ ಕೌಂಟರಿನಲ್ಲಿ ಕೂತವರಿಗೆ ಪವನಿನ ಸರದ ಪರಿಚಯ ಆಗದೆ ಇರುವುದಿಲ್ಲ. ನಾನು ನೌಕರಿಯ ಬಹುಪಾಲು ಕಳೆದದ್ದೇ ಅಲ್ಲಿ. ಸರಾಫರು ಒರೆಗಲ್ಲಿಗೆ ತಿಕ್ಕಿ, ತೂಗಿ ಬದಿಗಿಟ್ಟ ಸರವನ್ನು ಚೀಲಕ್ಕೆ ಹಾಕಿ ಮೊಹರು ಮಾಡುವ ಮುಂಚೆ ಭೂತಗನ್ನಡಿ ಹಿಡಿದು ನೋಡುವುದು ನನ್ನ ಚಟವಾಗಿತ್ತು. ಸರಕ್ಕೆ ಪೋಣಿಸಿದ ಸವರನ್ ನಾಣ್ಯದ ಒಂದು ಮಗ್ಗುಲಲ್ಲಿ ಐದನೇ ಜಾರ್ಜ್ ದೊರೆ, ಇನ್ನೊಂದರಲ್ಲಿ ಕುದುರೆಯೇರಿ ಡ್ರ್ಯಾಗನ್ನನ್ನು ಕೊಲ್ಲುವ ಸಂತ ಜಾರ್ಜ್. ತಲೆಮಾರುಗಳ ಕೊರಳಿಗೆ ಉಜ್ಜಿ ದೊರೆಯ ಗಡ್ಡ ನುಣ್ಣಗಾಗಿರುತ್ತಿತ್ತು, ಕುದುರೆಯ ತೊಡೆ ಸವೆದಿರುತ್ತಿತ್ತು. ಕೆಲವದರಲ್ಲಿ 1918 ಎಂಬ ಇಸವಿ, ಅದರ ಮೇಲಿನ ನೆಲದ ಗೆರೆಯಲ್ಲಿ ಕಂಡೂ ಕಾಣದಷ್ಟು ಸಣ್ಣ ‘ಐ’ ಅಕ್ಷರ. ಅಂಥವು ಲಂಡನ್ನಿನವಲ್ಲ. ರಾಯಲ್ ಮಿಂಟ್ ಮುಂಬಯಿಯಲ್ಲಿ ಶಾಖೆ ತೆರೆದು ಆ ಒಂದು ವರ್ಷದಲ್ಲಿ ಸುಮಾರು 13 ಲಕ್ಷ ಸವರನ್ ಅಚ್ಚು ಹಾಕಿಸಿತ್ತು. ಇವು ಆ ಪೈಕಿ.

ಸವರನ್ನಿನ ತೂಕ 7.98 ಗ್ರಾಂ, 22 ಕ್ಯಾರೆಟ್. ನಮ್ಮ ಊರಿನಲ್ಲಿ ಪವನಿಗೆ ಎಂಟು ಗ್ರಾಂ ಎಂದು ಲೆಕ್ಕ ಹಿಡಿಯುವುದು ಇದರಿಂದಲೇ. ಆ ಕುದುರೆಯನ್ನು 1817ರಲ್ಲಿ ಕೊರೆದವನು ಬೆನೆಡೆಟ್ಟೊ ಪಿಸ್ತ್ರೂಚಿ ಎಂಬ ಇಟಲಿಯವ. ಚಿತ್ರ ನಡುವೆ ಕೆಲವು ದಶಕ ಮರೆಯಾಗಿದ್ದರೂ ಇವತ್ತಿಗೂ ಚಾಲ್ತಿಯಲ್ಲಿದೆ. 2013ರಿಂದ ಅದೇ ‘ಐ’ ಗುರುತಿನೊಂದಿಗೆ ಭಾರತದಲ್ಲಿ ಮತ್ತೆ ಸವರನ್ ಅಚ್ಚಾಗತೊಡಗಿತು. ಸ್ವಾತಂತ್ರ್ಯ ಬಂದು ಇಷ್ಟು ಕಾಲವಾದ ಮೇಲೂ ಇಂಗ್ಲೆಂಡಿನ ಮುದ್ರೆಗೆ ನಮ್ಮಲ್ಲಿ ಗಿರಾಕಿ ಇದ್ದಾರೆ. ನಮ್ಮದೇ ಮುದ್ರೆಗೆ?

2015ರ ನವೆಂಬರ್ 5ರಂದು ಕೇಂದ್ರ ಸರ್ಕಾರ ‘ಇಂಡಿಯನ್ ಗೋಲ್ಡ್ ಕಾಯಿನ್’ ಬಿಡುಗಡೆ ಮಾಡಿತು. 5 ಗ್ರಾಂ, 10 ಗ್ರಾಂ, 24 ಕ್ಯಾರೆಟ್, ಹಾಲ್‌ಮಾರ್ಕ್ ಎಲ್ಲವೂ ಸರಿ. ಒಂದು ಕಡೆ ಅಶೋಕ ಚಕ್ರ, ಇನ್ನೊಂದು ಕಡೆ ಗಾಂಧೀಜಿ. ಗಾಂಧೀಜಿಯನ್ನು ಅಲ್ಲಿ ಕೂರಿಸುವ ಯೋಚನೆ ಯಾರ ತಲೆಗೆ ಹೊಳೆಯಿತೋ! 1934ರ ಹರಿಜನ ಯಾತ್ರೆಯಲ್ಲಿ ನಮ್ಮ ಜಿಲ್ಲೆಗೂ ಬಂದಿದ್ದ ಅವರು, ಹೋದಲ್ಲೆಲ್ಲ ಹೆಂಗಸರ ಮುಂದೆ ಕೈಚಾಚಿ ಬಳೆ, ಸರ ಬಿಚ್ಚಿಸಿಕೊಂಡವರು. ಚಿನ್ನ ಕೊಳ್ಳಿರಿ ಎಂದು ಹೇಳಿಸಲು ಅವರಿಗಿಂತ ತಪ್ಪಾದ ಆಳು ದೇಶದಲ್ಲೇ ಸಿಗಲಾರದು. ನೋಟಿನ ಮೇಲಿದ್ದಾರೆ, ಇಲ್ಲಿಯೂ ಇರಲಿ ಎಂಬ ಕಚೇರಿಯ ಸೋಮಾರಿತನ ಇದು.

ಚಿತ್ರಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಹೆಸರಿಗೆ ನಾಣ್ಯವಾದರೂ ಅದು ಹಣವಲ್ಲ. ಮುಖಬೆಲೆ ಇಲ್ಲ, ಕಾನೂನಿನ ಚಲಾವಣೆ ಇಲ್ಲ. ಅಂಗಡಿಯ ಲಕ್ಷ್ಮಿ ಕಾಸಿಗೂ ಅದಕ್ಕೂ ಇರುವ ವ್ಯತ್ಯಾಸ ಮೊಹರಿನದ್ದು ಮಾತ್ರ.

ಬೇರೆ ದೇಶಗಳು ಈ ಕೆಲಸವನ್ನು ಮನಸ್ಸಿಟ್ಟು ಮಾಡಿವೆ. ಆರಂಭಿಸಿದ್ದು ದಕ್ಷಿಣ ಆಫ್ರಿಕಾ, 1967ರಲ್ಲಿ, ತನ್ನ ಗಣಿಯ ಚಿನ್ನ ಮಾರಲಿಕ್ಕೆ. ಕ್ರುಗರ್‌ರಾಂಡಿನಲ್ಲಿ ಸರಿಯಾಗಿ ಒಂದು ಔನ್ಸ್, ಅಂದರೆ 31.1 ಗ್ರಾಂ ಅಪ್ಪಟ ಚಿನ್ನ. ತಾಮ್ರ ಬೆರೆಸಿದ್ದರಿಂದ ತುಸು ಕೆಂಪು. ಮುಂದೆ ಪಾಲ್ ಕ್ರುಗರನ ಗಡ್ಡದ ಮುಖ, ಹಿಂದೆ ಸ್ಪ್ರಿಂಗ್‌ಬಾಕ್ ಜಿಂಕೆ. ಅದರ ಮೇಲೂ ಬೆಲೆ ಬರೆದಿಲ್ಲ, ಆದರೆ ಕಾನೂನಿನಲ್ಲಿ ಅದು ಹಣವೇ. ವರ್ಣಭೇದ ನೀತಿಯ ಕಾರಣಕ್ಕೆ 1985ರಲ್ಲಿ ಅಮೆರಿಕ ಅದರ ಆಮದು ನಿಲ್ಲಿಸಿತು. ಮರುವರ್ಷವೇ ತನ್ನ ‘ಈಗಲ್’ ಹೊರತಂದಿತು. ಹೊಸ ಚಿತ್ರಕ್ಕೆ ತಡಕಾಡದೆ, ಅಗಸ್ಟಸ್ ಸೇಂಟ್ ಗಾಡೆನ್ಸ್ ಎಂಬ ಶಿಲ್ಪಿ 1907ರ ನಾಣ್ಯಕ್ಕಾಗಿ ರೂಪಿಸಿದ್ದ, ಪಂಜು ಹಿಡಿದು ನಡೆದು ಬರುವ ಸ್ವಾತಂತ್ರ್ಯದೇವಿಯನ್ನೇ ಮತ್ತೆ ಕರೆತಂದಿತು. ಬೆಳ್ಳಿಯ ಈಗಲ್‌ಗೆ 1916ರ ವೈನ್‌ಮನ್ನನ ಚಿತ್ರ. ಹಳೆಯ ಪೆಟ್ಟಿಗೆಯಲ್ಲಿ ಒಳ್ಳೆಯದು ಯಾವುದಿದೆ ಎಂದು ತೆರೆದು ನೋಡುವ ವ್ಯವಧಾನ ಅವರಿಗಿತ್ತು.

ನನಗೆ ಅತ್ಯಂತ ಇಷ್ಟವಾದದ್ದು ಚೀನಾದ ಪಾಂಡಾ. 1982ರಿಂದ ಬರುತ್ತಿದೆ. ಒಂದು ಬದಿಗೆ ಬೀಜಿಂಗಿನ ಸ್ವರ್ಗದೇಗುಲ ಸ್ಥಿರ, ಇನ್ನೊಂದು ಬದಿಯ ಪಾಂಡಾ ವರ್ಷವರ್ಷವೂ ಬೇರೆ: ಒಮ್ಮೆ ಬಿದಿರು ಮೆಲ್ಲುತ್ತದೆ, ಇನ್ನೊಮ್ಮೆ ಮರಿ ಜೊತೆ ಆಡುತ್ತದೆ. 2002ರಲ್ಲಿ ಹಿಂದಿನ ವರ್ಷದ ಚಿತ್ರವನ್ನೇ ಮುಂದುವರಿಸಿ ನೋಡಿದರು. ಸಂಗ್ರಾಹಕರು ತಕರಾರು ತೆಗೆದರು. 2003ಕ್ಕೆ ಹೊಸ ಪಾಂಡಾ ಬಂತು.

ನಮ್ಮಲ್ಲಿ ಚಿತ್ರಕ್ಕೇನು ಬರವೇ? ವಿಜಯನಗರದ ವರಾಹದ ತೂಕ ಮೂರೂವರೆ ಗ್ರಾಂಗೂ ಕಡಿಮೆ, ಅಗಲ ಕಿರುಬೆರಳಿನ ಉಗುರಿನಷ್ಟು. ಅಷ್ಟರಲ್ಲೇ ಅಚ್ಯುತರಾಯನ ಟಂಕಸಾಲೆಯವರು ಗಂಡಭೇರುಂಡವನ್ನೂ, ಅದರ ಕೊಕ್ಕು ಮತ್ತು ಉಗುರುಗಳಲ್ಲಿ ಜೋತಾಡುವ ಆನೆಗಳನ್ನೂ ಹಿಡಿಸಿದ್ದರು. ಇಕ್ಕೇರಿಯ ಶಿವಪಾರ್ವತಿಯರನ್ನು ಹೈದರಾಲಿ ತನ್ನ ವರಾಹದ ಮೇಲೆ ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಮಾತ್ರ ಒತ್ತಿಸಿದ. ಜನ ಕೈಯಲ್ಲಿ ಹಿಡಿದು ನಂಬುವ ಚಿತ್ರ ಯಾವುದೆಂದು ಅವನಿಗೆ ಗೊತ್ತಿತ್ತು. ದಿಲ್ಲಿಯ ಸಮಿತಿಗಳಿಗೆ ಗೊತ್ತಾಗಲಿಲ್ಲ.

ಕಾನೂನಿನ ಅಡ್ಡಿಯೂ ಇಲ್ಲ. 2011ರ ನಾಣ್ಯ ಕಾಯ್ದೆಯಲ್ಲಿ ಸಾವಿರ ರೂಪಾಯಿ ಮುಖಬೆಲೆಯವರೆಗೆ ಅವಕಾಶವಿದೆ. ಅಷ್ಟು ಸಾಕು. ಒಂದು ಔನ್ಸಿನ ಈಗಲ್ ಮೇಲೆ ಬರೆದಿರುವುದು ಬರೀ 50 ಡಾಲರ್. ಅದನ್ನು ಕೊಟ್ಟು 50 ಡಾಲರಿನ ಸಾಮಾನು ತರುವ ಪುಣ್ಯಾತ್ಮ ಯಾರೂ ಇಲ್ಲ. ಆದರೆ ಹಣ ಎಂಬ ಪಟ್ಟಕ್ಕೆ ಬೆಲೆಯಿದೆ. ಬ್ರಿಟನ್ನಿನಲ್ಲಿ ಸವರನ್ನೂ ಬ್ರಿಟಾನಿಯಾವೂ ಚಲಾವಣೆಯ ನಾಣ್ಯಗಳಾದ್ದರಿಂದ ಅಲ್ಲಿಯವರು ಅವನ್ನು ಮಾರಿ ಗಳಿಸಿದ ಲಾಭಕ್ಕೆ ತೆರಿಗೆ ಕಟ್ಟಬೇಕಿಲ್ಲ. ನಮ್ಮ ಕೌಂಟರಿನಲ್ಲಿ ನಡೆಯುತ್ತಿದ್ದದ್ದೇ ಬೇರೆ. ಬ್ಯಾಂಕಿನಿಂದಲೇ ಚಿನ್ನದ ನಾಣ್ಯ ಕೊಂಡು, ಮಗಳ ಫೀಸಿಗೆಂದು ಅದನ್ನೇ ಮಾರಲು ತಂದವರಿಗೆ, “ಮಾರಲಿಕ್ಕೆ ಮಾತ್ರ ನಮಗೆ ಅಧಿಕಾರ, ವಾಪಸು ತಗೊಳ್ಳಲಿಕ್ಕಿಲ್ಲ” ಎಂದು ಹೇಳಿ ಪೇಟೆಗೆ ಕಳಿಸಬೇಕಾಗುತ್ತಿತ್ತು. ಪೇಟೆಯಲ್ಲಿ ಅದನ್ನು ಗಟ್ಟಿ ಚಿನ್ನದ ಲೆಕ್ಕದಲ್ಲಿ ತೂಗಿ, ಅಷ್ಟಿಷ್ಟು ಮುರಿದುಕೊಂಡು ದುಡ್ಡು ಎಣಿಸುತ್ತಿದ್ದರು.

ಚಿನ್ನಕ್ಕೆ ಉತ್ತೇಜನ ಕೊಟ್ಟರೆ ಆಮದು ಏರುತ್ತದೆ ಎಂಬ ಆಕ್ಷೇಪ ಬರುತ್ತದೆ. ಹಟ್ಟಿಯ ಗಣಿ ವರ್ಷಕ್ಕೆ ಎರಡು ಟನ್ನೂ ಕೊಡುವುದಿಲ್ಲ, ನಾವು ತರಿಸುವುದು ನೂರಾರು ಟನ್, ನಿಜ. ಆದರೆ ಜನ ಹೇಗೂ ಕೊಳ್ಳುತ್ತಾರೆ. ಮಜೂರಿ, ವೇಸ್ಟೇಜ್ ಎಂದು ಕಳೆದುಕೊಳ್ಳುವ ಒಡವೆಯನ್ನು ಕೊಳ್ಳುವುದಕ್ಕಿಂತ, ಸರ್ಕಾರವೇ ನಿಗದಿತ ದರಕ್ಕೆ ಯಾವ ಬ್ಯಾಂಕಿನಲ್ಲಾದರೂ ವಾಪಸು ಪಡೆಯುವ ನಾಣ್ಯ ಕೊಳ್ಳಲಿ. ಮನೆಯ ಚಿನ್ನ ಮರಳಿ ಪೇಟೆಗೆ ಬರಲಿಕ್ಕೂ ಅದೇ ದಾರಿ.

ಎಂಟು ಗ್ರಾಂ, ಸಾವಿರ ರೂಪಾಯಿ ಮುಖಬೆಲೆ, ಒಂದು ಬದಿಗೆ ಅಶೋಕ ಸ್ತಂಭದ ಸಿಂಹಗಳು, ಇನ್ನೊಂದು ಬದಿಗೆ ವರ್ಷಕ್ಕೊಂದು ಹಳೆಯ ನಾಣ್ಯದ ಚಿತ್ರ. ಮೊದಲ ವರ್ಷಕ್ಕೆ ಅಚ್ಯುತರಾಯನ ಗಂಡಭೇರುಂಡ ಎಂಬುದು ನನ್ನ ಅರ್ಜಿ. ತಮಿಳರು ಚೋಳರ ಹುಲಿ ಬೇಕು ಎನ್ನುತ್ತಾರೆ, ಬಿಹಾರದವರು ಗುಪ್ತರ ವೀಣೆ ಹಿಡಿದ ಸಮುದ್ರಗುಪ್ತನನ್ನು ಮುಂದೆ ಮಾಡುತ್ತಾರೆ. ಆ ಜಗಳ ಸಂಸತ್ತಿನಲ್ಲೇ ನಡೆಯಲಿ, ನೋಡಲು ಚೆಂದವಿರುತ್ತದೆ.